ಬದುವಿನ ಬಿಲದಲ್ಲೊಬ್ಬ ತಾಯಿ

ಕೊಳ್ಳೇಗಾಲಕ್ಕೆ ಬಂದವರೆಲ್ಲ ಭರಚುಕ್ಕಿ ನೋಡಿ, ಹನೂರಿನ ಮೇಲೆ ಹಾಯ್ದು ಮಾದಪ್ಪನ ಬೆಟ್ಟಕ್ಕೆ ಹೋಗಿಬಿಡುತ್ತಾರೆ. ನೀವು ಮಳೆಗಾಲದಲ್ಲೊಮ್ಮೆ ಯಳಂದೂರಿನ ಕಡೆ, ಸುವರ್ಣಾವತಿ ಹೊಳೆ ಬಯಲಿಗೂ ಬನ್ನಿ. ಗದ್ದೆಯ ಬದುವಿನಲ್ಲಿ ದುಂಡನೆಯ ಬಿಲ, ಬಾಯಿಯ ಸುತ್ತ ಹಸಿ ಮಣ್ಣು ಕಂಡಿತೇ? ಅದೇ ನಳ್ಳಿಯ ಮನೆ. ಏಡಿ ಅಂತೀರಲ್ಲ, ಅದೇ. ಬೇಸಿಗೆಯಲ್ಲಿ ಗದ್ದೆ ಒಣಗಿದರೆ ತೇವ ಸಿಗುವವರೆಗೂ ತೋಡಿಕೊಂಡು ಇಳಿದು, ಮಳೆ ಬರುವವರೆಗೆ ಅಲ್ಲೇ ತಣ್ಣಗೆ ಕೂತಿರುತ್ತದೆ.

ಮರಿಗಳು ತಾಯಿಯ ಹೊಟ್ಟೆ ಸೀಳಿಕೊಂಡು ಹುಟ್ಟುತ್ತವೆ ಅಂತ ಹಿರಿಯರು ಹೇಳುವುದುಂಟು. ಅದು ಸುಳ್ಳು ಕಣ್ರೀ! ಸಮುದ್ರದ ಏಡಿ ಮೊಟ್ಟೆಯೊಡೆದ ಮರಿಗಳನ್ನು ನೀರಿಗೆ ಬಿಟ್ಟುಬಿಡುತ್ತದೆ. ನಮ್ಮ ಗದ್ದೆ ನಳ್ಳಿ ಹಾಗಲ್ಲ. ಹೊಟ್ಟೆಯಡಿಯ ಮಡಿಕೆಯಲ್ಲಿ ಮೊಟ್ಟೆ ಕಾಯ್ದು, ಪುಟ್ಟ ನಳ್ಳಿಗಳಾಗಿಯೇ ಹೊರಬಂದ ಮರಿಗಳನ್ನೂ ಕೆಲವು ದಿನ ಮಡಿಲಲ್ಲೇ ಹೊತ್ತು ತಿರುಗುತ್ತದೆ.

ಬಿಲದಿಂದ ಗದ್ದೆಯ ನೀರು ಸೋರಿದರೆ ರೈತನಿಗೆ ಸಿಟ್ಟು ಬರುವುದು ಸಹಜವೇ. ಆದರೆ ಬಿಲಕ್ಕೆ ಕೀಟನಾಶಕ ಸುರಿದರೆ ಅದು ಕಾಲುವೆಗೂ ಇಳಿದೀತು. ನಾಟಿಗೆ ಮುಂಚೆ ಬದುವಿಗೆ ಕೆಸರು ಮೆತ್ತುವ ಹಳೆಯ ಪದ್ಧತಿಯೇ ಮೇಲು.

ನಳ್ಳಿ ಸಾರು ಮಾಡುವವರು ಚೆನ್ನಾಗಿ ಬೇಯಿಸಿ. ಅರೆಬೆಂದದ್ದನ್ನು ತಿಂದರೆ ಶ್ವಾಸಕೋಶಕ್ಕೆ ಹುಳು ಸೇರುವ ಅಪಾಯವಿದೆ. ಅದಕ್ಕೂ ಮೊದಲು ಹಿಡಿದ ನಳ್ಳಿಯನ್ನು ಮಗುಚಿ ನೋಡಿ. ಮಡಿಲಲ್ಲಿ ಮರಿಗಳಿದ್ದರೆ ತಿರುಗಿ ನೀರಿಗೆ ಬಿಟ್ಟುಬಿಡಿ.