ಮುಳ್ಳು ಹೇಳಿದ್ದೆಲ್ಲ ನಿಜವೇ?

ಕಾರು ಓಡಿಸುವವರ ಕಣ್ಣು ವೇಗದ ಮೀಟರಿನ ಮೇಲಿರುತ್ತದೆ, ಇಲ್ಲವೇ ಪೆಟ್ರೋಲಿನ ಮೇಲಿರುತ್ತದೆ. ಪಕ್ಕದಲ್ಲೇ ಇರುವ ಇನ್ನೊಂದು ಪುಟ್ಟ ಮುಳ್ಳನ್ನು ಗಮನಿಸುವವರು ಕಡಿಮೆ. ಎಂಜಿನ್ ಎಷ್ಟು ಕಾದಿದೆ ಎಂದು ತಿಳಿಸುವುದು ಅದರ ಕೆಲಸ. ಒಂದು ತುದಿಯಲ್ಲಿ ‘ಸಿ’, ಅಂದರೆ ತಣ್ಣಗಿದೆ. ಇನ್ನೊಂದು ತುದಿಯಲ್ಲಿ ‘ಎಚ್’, ಅಂದರೆ ಮಿತಿಮೀರಿ ಕಾದಿದೆ. ಎಲ್ಲವೂ ಸರಿಯಿದ್ದರೆ ಮುಳ್ಳು ನಡುವೆ ಎಲ್ಲೋ ಸುಮ್ಮನೆ ನಿಂತಿರುತ್ತದೆ. ಸುಮ್ಮನಿರುವವರನ್ನು ಯಾರು ತಾನೇ ವಿಚಾರಿಸುತ್ತಾರೆ?

ನಮ್ಮ ಮನೆಯಲ್ಲಿ ಆ ಮುಳ್ಳಿನ ಸುದ್ದಿ ಬಂದದ್ದು ಕಷ್ಟದ ದಿನಗಳಲ್ಲಿ. ಉಮ್ಮನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಉಪ್ಪಿನಂಗಡಿಯಿಂದ ಮಂಗಳೂರಿಗೆ 50 ಕಿ.ಮೀ.ಗೂ ಹೆಚ್ಚು ದಾರಿ. ಬಸ್ಸಿನ ನೂಕುನುಗ್ಗಲು ಅವರಿಗಾಗದು. ಪ್ರತಿ ಸಲ ಬಾಡಿಗೆ ಕಾರು ಮಾಡುವ ಶಕ್ತಿ ನಮಗಿಲ್ಲ. ಹಾಗಾಗಿ ಹಳೆಯ ಪುಟ್ಟ ಪೆಟ್ರೋಲ್ ಕಾರೇ ಆಧಾರ. ಒಂದು ದಿನ ಉಮ್ಮನನ್ನು ಮನೆಗೆ ಕರೆತರುವಾಗ, ಮಾಣಿಯ ಹತ್ತಿರ ಮುಳ್ಳು ಒಮ್ಮೆಲೇ ನೆಗೆದು ‘ಎಚ್’ನಲ್ಲಿ ಕೂತಿತು. ಕಾರು ನಿಲ್ಲಿಸಿದೆವು. ಬಾನೆಟ್ಟಿನಿಂದ ಹಬೆಯೂ ಇಲ್ಲ, ಸುಟ್ಟ ವಾಸನೆಯೂ ಇಲ್ಲ. ಆದರೂ ಧೈರ್ಯ ಬರಲಿಲ್ಲ. ಉಮ್ಮನನ್ನು ರಿಕ್ಷಾದಲ್ಲಿ ಕಳುಹಿಸಿ, ಕಾರನ್ನು ಹಗ್ಗ ಕಟ್ಟಿ ಎಳೆಸಿದೆವು.

ಒಂದು ಗ್ಯಾರೇಜಿನವರು ಮುಳ್ಳು ನೋಡಿದವರೇ, ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಬಿಚ್ಚಬೇಕು, ಒಂದು ವಾರ ಕಾರು ಬಿಡಿ ಎಂದರು. ಮನೆಯಲ್ಲಿ ಎರಡು ಪಕ್ಷವಾಯಿತು. ಬಿಚ್ಚಿಸಿಬಿಡೋಣ ಎಂದು ಕೆಲವರು. ಮೀಟರ್ ಕೆಟ್ಟಿರಬೇಕು, ಅದನ್ನು ನೋಡದೆ ಓಡಿಸೋಣ ಎಂದು ಕೆಲವರು. ಬಿಚ್ಚಿಸಿದರೆ ಕೈಯಲ್ಲಿದ್ದ ಹಣ ಮತ್ತು ಎರಡು ಡಯಾಲಿಸಿಸ್‌ನ ಓಡಾಟ ಎರಡಕ್ಕೂ ಕುತ್ತು. ನೋಡದೆ ಓಡಿಸಿದರೆ, ಎಂಜಿನ್ ನಿಜವಾಗಿ ಕಾಯುತ್ತಿದ್ದಲ್ಲಿ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗಿ ಉಮ್ಮನ ಸಮೇತ ನಡುದಾರಿಯಲ್ಲಿ ನಿಲ್ಲಬೇಕು.

ಕೊನೆಗೆ ಊರಿನ ಹಿರಿಯ ಮೆಕ್ಯಾನಿಕ್ ಒಬ್ಬರ ಬಳಿ ಹೋದೆವು. “ಮುಳ್ಳು ಹೇಳಿತು ಅಂತ ಎಂಜಿನ್ ಬಿಚ್ಚುವುದಾ ಮಾರಾಯ್ರೆ? ಮೊದಲು ಮುಳ್ಳನ್ನೇ ವಿಚಾರಿಸುವ. ಬೆಳಿಗ್ಗೆ ಬರ್ತೇನೆ, ಅಲ್ಲಿವರೆಗೆ ಸ್ಟಾರ್ಟ್ ಮಾಡ್ಬೇಡಿ” ಎಂದರು.

ಮರುದಿನ ಅವರು ವಿವರಿಸಿದ್ದು ಇಷ್ಟು. ಈ ವ್ಯವಸ್ಥೆಯಲ್ಲಿ ಮೂರು ಭಾಗ. ಎಂಜಿನ್ನಿನ ನೀರಿನಲ್ಲಿ ಮುಳುಗಿರುವ ಸೆನ್ಸರ್, ಡ್ಯಾಶ್‌ಬೋರ್ಡಿನ ಮೀಟರ್, ಎರಡರ ನಡುವಿನ ವಯರ್. ನೀರು ಬಿಸಿಯಾದಂತೆ ಸೆನ್ಸರಿನ ವಿದ್ಯುತ್ ತಡೆ ಇಳಿಯುತ್ತದೆ, ಅದರ ಮೂಲಕ ಬಾಡಿಗೆ ಹೆಚ್ಚು ಕರೆಂಟ್ ಹರಿಯುತ್ತದೆ, ಮುಳ್ಳು ಏರುತ್ತದೆ. ವಯರೇ ನೇರವಾಗಿ ಬಾಡಿಗೆ ತಾಗಿದರೆ ತಡೆಯೇ ಇಲ್ಲದಂತಾಗಿ ಮುಳ್ಳು ‘ಎಚ್’ಗೆ ಹೋಗುತ್ತದೆ. ವಯರು ತುಂಡಾದರೆ ‘ಸಿ’ಯಲ್ಲೇ ಬಿದ್ದಿರುತ್ತದೆ.

ಮೊದಲು ರೇಡಿಯೇಟರ್ ಮುಚ್ಚಳ ತೆರೆದರು. ತಣ್ಣಗಿದ್ದಾಗ ಮಾತ್ರ ಇದನ್ನು ಮಾಡಬೇಕು. ಕಾದಾಗ ಒಳಗಿನ ನೀರು ಒತ್ತಡದಿಂದಾಗಿ 100 ಡಿಗ್ರಿ ದಾಟಿದರೂ ಕುದಿಯದೆ ಇರಬಹುದು. ಮುಚ್ಚಳ ತೆರೆದೊಡನೆ ಚಿಮ್ಮಿ ಮುಖ ಸುಡುತ್ತದೆ. ನಮ್ಮ ಕಾರಿನಲ್ಲಿ ನೀರು ತುಂಬಿತ್ತು. ಬಳಿಕ ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ತಿರುಗಿಸಿದರು. ರಾತ್ರಿಯಿಡೀ ತಣಿದ ಎಂಜಿನ್, ಆದರೂ ಮುಳ್ಳು ನೇರ ‘ಎಚ್’ಗೆ! ಸೆನ್ಸರಿನಿಂದ ವಯರ್ ಕಳಚಿದರು. ಆಗಲೂ ಮುಳ್ಳು ಇಳಿಯಲಿಲ್ಲ. ಇಳಿದಿದ್ದರೆ ತಪ್ಪು ಸೆನ್ಸರಿನದ್ದು. ಮೀಟರಿನ ಹಿಂದಿನ ವಯರ್ ಬಿಚ್ಚಿದಾಗ ಮುಳ್ಳು ‘ಸಿ’ಗೆ ಬಂತು. ಅಂದರೆ ಮೀಟರೂ ನಿರ್ದೋಷಿ. ಉಳಿದದ್ದು ನಡುವಿನ ವಯರ್. ಹಿಡಿದುಕೊಂಡಿದ್ದ ಕ್ಲಿಪ್ ಮುರಿದು, ಅದು ತಗಡಿನ ಅಂಚಿಗೆ ಉಜ್ಜಿ ಉಜ್ಜಿ ಒಳಗಿನ ತಾಮ್ರ ಬಾಡಿಗೆ ತಾಗಿಕೊಂಡಿತ್ತು.

ಗೇಣುದ್ದ ವಯರ್, ಸ್ವಲ್ಪ ಟೇಪ್. ಅಷ್ಟಕ್ಕೇ ಅವರು ಬಿಡಲಿಲ್ಲ. ಸ್ಟಾರ್ಟ್ ಮಾಡಿ ಅರ್ಧ ಗಂಟೆ ನಿಂತರು. ರೇಡಿಯೇಟರಿನ ಮೇಲಿನ ಹೋಸ್ ಬಿಸಿಯಾಯಿತು, ಫ್ಯಾನ್ ತಿರುಗಿ ನಿಂತಿತು, ಮುಳ್ಳು ಮೆಲ್ಲಗೆ ಏರಿ ನಡುವೆ ನಿಂತಿತು. ಆಮೇಲಷ್ಟೇ ಮಂಗಳೂರಿಗೆ ಹೊರಡಿ ಎಂದರು.

ಹೊರಡುವಾಗ ಅವರು ಹೇಳಿದ ಇನ್ನೊಂದು ಮಾತು ಮುಖ್ಯ. ಸುಮ್ಮನೆ ‘ಎಚ್’ ತೋರಿಸುವ ಮುಳ್ಳು ಹೆಚ್ಚೆಂದರೆ ಹಣ ಕಳೆಯುತ್ತದೆ, ಸುಮ್ಮನೆ ‘ಸಿ’ ತೋರಿಸುವ ಮುಳ್ಳು ಎಂಜಿನ್ನನ್ನೇ ಕಳೆಯುತ್ತದೆ. ನೀರು ಸೋರಿ ಸೆನ್ಸರ್ ಗಾಳಿಯಲ್ಲಿ ಉಳಿದರೆ ಎಂಜಿನ್ ಉರಿಯುತ್ತಿದ್ದರೂ ಮುಳ್ಳು ಕೆಳಗೇ ಇರಬಹುದು. ಥರ್ಮೋಸ್ಟಾಟ್ ತೆರೆದೇ ಸಿಕ್ಕಿಕೊಂಡಾಗಲೂ ಮುಳ್ಳು ಕೆಳಗಿರುತ್ತದೆ, ಆದರೆ ಆಗ ಅದು ನಿಜವನ್ನೇ ಹೇಳುತ್ತಿರುತ್ತದೆ. ಪೆಟ್ರೋಲಿನ ಮುಳ್ಳೂ ಜೊತೆಯಲ್ಲೇ ಕುಣಿಯುತ್ತಿದ್ದರೆ ಎರಡಕ್ಕೂ ಕರೆಂಟ್ ಕೊಡುವ ಜಾಗ ಅಥವಾ ಅರ್ತಿಂಗ್ ನೋಡಬೇಕು. ಇಂದಿನ ಅನೇಕ ಕಾರುಗಳಲ್ಲಿ ಸೆನ್ಸರ್ ಸುದ್ದಿ ಕಂಪ್ಯೂಟರಿಗೆ ಹೋಗುತ್ತದೆ. ಕೆಲವದರಲ್ಲಿ ಮುಳ್ಳೇ ಇಲ್ಲ, ನೀಲಿ ಮತ್ತು ಕೆಂಪು ದೀಪ ಮಾತ್ರ. ಅಂಥವುಗಳಲ್ಲಿ ವಯರ್ ಕಳಚಿ ಪರೀಕ್ಷಿಸಲು ಹೋಗದೆ ಸ್ಕ್ಯಾನರ್ ಹಾಕಿಸಿ ಡಿಗ್ರಿ ಓದಿಸುವುದು ಒಳ್ಳೆಯದು.

ನಮ್ಮ ಮನೆಗಳಲ್ಲಿ, ಬೀದಿಗಳಲ್ಲಿ ಏಳುವ ಎಷ್ಟೋ ಜಗಳಗಳ ಕಥೆಯೂ ಇದಕ್ಕಿಂತ ಬೇರೆಯಲ್ಲ. ಕಂಡವನು ಸುಳ್ಳು ಹೇಳಿರುವುದಿಲ್ಲ, ಕೇಳಿದವನು ಕೆಟ್ಟವನಾಗಿರುವುದಿಲ್ಲ. ಸುದ್ದಿ ನಡುದಾರಿಯಲ್ಲಿ ಎಲ್ಲೋ ಉಜ್ಜಿ ಹೋಗಿರುತ್ತದೆ. ಅದನ್ನು ನಂಬಿ ಬಿಚ್ಚಲು ಹೊರಡುವುದೂ ಸಲ್ಲ, ಕೇಳದಂತೆ ಮುಂದೆ ಸಾಗುವುದೂ ಸಲ್ಲ. ಗಾಡಿ ನಿಲ್ಲಿಸಿ, ತಣಿಯಲು ಬಿಟ್ಟು, ಒಂದೊಂದಾಗಿ ವಿಚಾರಿಸುವ ತಾಳ್ಮೆ ಬೇಕು. ಅದಕ್ಕೆ ತಗಲುವುದು ಒಂದು ಬೆಳಗಿನ ಹೊತ್ತು ಮಾತ್ರ.