ಅಬ್ಬಾರ ಝೆನ್

2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಿಂದ ತಮ್ಮನ ಫೋನ್ ಬಂತು. "ಆಪಾ, ಈ ಸಲವಾದರೂ ಅದನ್ನು ಗುಜರಿಗೆ ಹಾಕು. ನೋಂದಣಿ ನವೀಕರಣಕ್ಕೇ ಹತ್ತು ಸಾವಿರ ಮಾಡಿದ್ದಾರಂತೆ. ಆ ಕಾರಿಗೆ ಅಷ್ಟು ಬೆಲೆಯಾದರೂ ಇದೆಯಾ?"

ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ಹಿಂದೆ ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ ಅದು 5,000 ಆಯಿತು. 2025ರ ಆಗಸ್ಟ್‌ನಲ್ಲಿ, 20 ವರ್ಷ ದಾಟಿದ ಕಾರುಗಳಿಗೆ 10,000 ಎಂದು ಕೇಂದ್ರ ಸರಕಾರದ ಅಧಿಸೂಚನೆ ಹೊರಬಿತ್ತು. ಹಸಿರು ತೆರಿಗೆ ಬೇರೆ. ಕಾರನ್ನು ಗುಜರಿಗೆ ಕೊಟ್ಟು ಸರ್ಟಿಫಿಕೇಟ್ ಪಡೆದರೆ ಹೊಸ ಕಾರಿನ ರಸ್ತೆ ತೆರಿಗೆಯಲ್ಲಿ ಶೇ. 25ರವರೆಗೆ ರಿಯಾಯಿತಿ ಕೊಡಬಹುದೆಂಬ ನಿಯಮವೂ ಇದೆ. ಲೆಕ್ಕ ಹಾಕಿದರೆ ಎಲ್ಲ ದಾರಿಗಳೂ ಗುಜರಿಯ ಕಡೆಗೇ ಹೋಗುತ್ತವೆ.

ನಮ್ಮ ಮನೆಯ ಮುಂದೆ ಪೇರಲೆ ಮರದ ಕೆಳಗೆ ನಿಂತಿರುವ ನೀಲಿ ಬಣ್ಣದ ಮಾರುತಿ ಝೆನ್‌ಗೆ ಆ ನವೆಂಬರ್‌ಗೆ ಮೂವತ್ತು ತುಂಬುವುದಿತ್ತು. ಈಗಿನ ಹುಡುಗರಿಗೆ ಝೆನ್ ಎಂದರೆ ಏನೆಂದು ಗೊತ್ತಿರಲಾರದು. 1993ರಲ್ಲಿ ಅದು ಬಂದಾಗ ನಮ್ಮ ರಸ್ತೆಗಳಲ್ಲಿ ಇದ್ದದ್ದು ಅಂಬಾಸಿಡರ್, ಫಿಯೆಟ್ ಮತ್ತು ಮಾರುತಿ 800. ಅವುಗಳ ನಡುವೆ ಇದೊಂದು ಜಿಂಕೆ ಮರಿ. 993 ಸಿ.ಸಿ.ಯ ಪುಟ್ಟ ಅಲ್ಯೂಮಿನಿಯಂ ಎಂಜಿನ್, 50 ಕುದುರೆಗಳ ಶಕ್ತಿ, ಮುಕ್ಕಾಲು ಟನ್ನಿನ ಆಸುಪಾಸಿನ ಮೈ. ಐವತ್ತು ಕುದುರೆ ಎಂದರೆ ಇಂದು ನಗು ಬರಬಹುದು, ಆದರೆ ಎಳೆಯಬೇಕಾದ ಭಾರವೇ ಕಡಿಮೆಯಿದ್ದಾಗ ಅಷ್ಟು ಸಾಕು. ಇಲ್ಲಿ ತಯಾರಾದ ಇದೇ ಕಾರು ಆಲ್ಟೊ ಎಂಬ ಹೆಸರಿನಲ್ಲಿ ಯುರೋಪಿಗೂ ಹಡಗು ಹತ್ತಿತ್ತು. 2006ರಲ್ಲಿ ಇದರ ತಯಾರಿಕೆ ನಿಂತಿತು.

ಅಬ್ಬಾ ಇದನ್ನು ಕೊಂಡದ್ದು 2003ರಲ್ಲಿ, ನಿವೃತ್ತಿಯ ಹಣದಲ್ಲಿ, ಎಂಟು ವರ್ಷ ಹಳೆಯದಾಗಿದ್ದಾಗ. ಅವರು ಸರಕಾರಿ ಬಸ್ಸಿನ ಚಾಲಕರಾಗಿದ್ದವರು. 31 ವರ್ಷ ಐವತ್ತು ಅರವತ್ತು ಜನರನ್ನು ಬೆನ್ನ ಹಿಂದೆ ಕೂರಿಸಿಕೊಂಡು, ಪ್ರತಿ ತಿರುವಿನಲ್ಲೂ ಯಾರದೋ ಮಗುವಿನ ತಲೆ ಕಿಟಕಿಗೆ ಬಡಿದೀತೆಂದು ಹೆದರುತ್ತಾ ಓಡಿಸಿದವರು. ಅಂಥವರು ಅಂಬಾಸಿಡರ್ ಕೊಳ್ಳುತ್ತಾರೆಂದು ನಾವೆಲ್ಲ ಎಣಿಸಿದ್ದೆವು. ಅಮ್ಮಿಯಂತೂ ಬಾಗಿಲಲ್ಲಿ ನಿಂತು, "ಈ ವಯಸ್ಸಿನಲ್ಲಿ ಕಾಲೇಜು ಹುಡುಗರ ಗಾಡಿ ತಂದಿದ್ದೀರಲ್ಲ" ಎಂದರು. ಅಬ್ಬಾ ನಕ್ಕು, "ಇಷ್ಟು ದಿನ ಆನೆ ಓಡಿಸಿದೆ, ಇನ್ನು ಕುದುರೆ" ಎಂದರು.

ಕೊಂಡ ಮರುವಾರವೇ ಅಮ್ಮಿ ಮತ್ತು ನನ್ನನ್ನು ಕೂರಿಸಿಕೊಂಡು ತೀರ್ಥಹಳ್ಳಿಯ ಮೇಲೆ ಆಗುಂಬೆಗೆ ಹೊರಟರು. ಘಾಟಿಯ 14 ತಿರುವುಗಳನ್ನೂ ಬ್ರೇಕ್ ಅಷ್ಟಾಗಿ ಮುಟ್ಟದೆ, ಗೇರ್ ಬದಲಿಸುತ್ತಲೇ ಇಳಿಸಿದರು. ಅಮ್ಮಿ ಕಣ್ಣು ಮುಚ್ಚಿಕೊಂಡು ಕೂತಿದ್ದರು. ನಾನು ಅಬ್ಬಾರ ಮುಖ ನೋಡುತ್ತಿದ್ದೆ. ಹಾಗೆ ಖುಷಿಯಾಗಿ ಅವರು ಗಾಡಿ ಓಡಿಸಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ನನಗೆ ಕಾರು ಕಲಿಸಿದ್ದೂ ಅವರೇ. ನಮ್ಮ ಮೊಹಲ್ಲಾದಲ್ಲಿ ಅಂದು ಕಾರು ಓಡಿಸುವ ಹೆಣ್ಣುಮಕ್ಕಳು ಇರಲಿಲ್ಲ. ಯಾರೋ ಬಂದು, "ಮಗಳಿಗೆ ಇದೆಲ್ಲ ಯಾಕೆ?" ಎಂದು ಕೇಳಿದರು. "ನನಗೆ ವಯಸ್ಸಾದ ಮೇಲೆ ನನ್ನನ್ನು ಆಸ್ಪತ್ರೆಗೆ ನೀವು ಕರೆದುಕೊಂಡು ಹೋಗುತ್ತೀರಾ?" ಎಂದು ಅಬ್ಬಾ ತಿರುಗಿ ಕೇಳಿದರು. ಬಂದವರು ಚಹಾ ಕುಡಿದು ಹೋದರು. ಗೇರನ್ನು ಕಣ್ಣಿನಿಂದ ನೋಡಬಾರದು, ಕಿವಿಯಿಂದ ಕೇಳಬೇಕು ಎಂಬುದು ಅವರ ಮೊದಲ ಪಾಠ. ಕ್ಲಚ್ ಮೇಲೆ ಕಾಲು ಇಟ್ಟುಕೊಂಡೇ ಓಡಿಸಬಾರದು ಎಂಬುದು ಎರಡನೆಯದು. ಮೊದಲನೆಯದನ್ನು ಕಲಿತೆ.

2012ರಲ್ಲಿ ಅಬ್ಬಾರ ಬಲಗೈ ನಡುಗತೊಡಗಿತು. ಒಂದು ಸಂಜೆ ಶಾಲೆಯೊಂದರ ತಿರುವಿನಲ್ಲಿ ಅವರು ಬ್ರೇಕ್ ಒತ್ತುವುದು ಒಂದು ಕ್ಷಣ ತಡವಾಯಿತು. ಸೈಕಲ್ ಹುಡುಗನೊಬ್ಬ ಗಾಬರಿಯಿಂದ ಬಿದ್ದ. ಗಾಯವೇನೂ ಆಗಲಿಲ್ಲ. ಅಬ್ಬಾರೇ ಅವನನ್ನು ಎತ್ತಿ, ಮಣ್ಣು ಒರೆಸಿ, ಅವನ ಮನೆಯವರೆಗೂ ಹೋಗಿ ಬಂದರು. ಅಂದು ರಾತ್ರಿ ನಾನು ಮೊಳೆಗೆ ತೂಗುಹಾಕಿದ್ದ ಕಾರಿನ ಕೀಲಿ ತೆಗೆದು ನನ್ನ ಬ್ಯಾಗಿಗೆ ಹಾಕಿಕೊಂಡೆ. ಎರಡು ಬೀದಿ ಆಚೆಗಿದ್ದ ನನ್ನ ಮನೆಗೆ ಬಂದುಬಿಟ್ಟೆ. ಅವರನ್ನು ಕೂರಿಸಿ ಎರಡು ಮಾತು ಹೇಳುವ ಧೈರ್ಯ ನನಗಿರಲಿಲ್ಲ. ಮಾಡಿದ್ದು ತಪ್ಪೆಂದು ಇಂದೂ ಅನಿಸುವುದಿಲ್ಲ. ಮಾಡಿದ ರೀತಿ ಮಾತ್ರ ಕಳ್ಳರದು.

ಅಬ್ಬಾ ಕೀಲಿಯನ್ನು ಕೇಳಲೇ ಇಲ್ಲ. ಆದರೆ ಪ್ರತಿದಿನ ಬೆಳಿಗ್ಗೆ ನಾಷ್ಟಾ ಮುಗಿಸಿ ಅಂಗಳಕ್ಕೆ ಬಂದು, ಬೀಗ ಹಾಕದ ಬಾಗಿಲು ತೆಗೆದು, ಡ್ರೈವರ್ ಸೀಟಿನಲ್ಲಿ ಅರ್ಧ ಗಂಟೆ ಕೂರುತ್ತಿದ್ದರು. ಅಮ್ಮಿ ಹೇಳಿದಾಗ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು. ನನ್ನ ಮೇಲಿನ ಮುನಿಸನ್ನು ಅಲ್ಲಿ ಕೂತು ತೀರಿಸಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ಕಥೆಗಳಲ್ಲಿ ಎಷ್ಟೋ ತಂದೆ ಮಕ್ಕಳನ್ನು ಮಾತಾಡಿಸಿದ್ದೇನೆ, ನಮ್ಮಿಬ್ಬರನ್ನು ಮಾತಾಡಿಸಲು ಆಗಲಿಲ್ಲ. 2014ರಲ್ಲಿ ಅವರು ತೀರಿಕೊಂಡರು.

ಮರುವರ್ಷದ ಮಳೆಗಾಲದಲ್ಲಿ ಆಯನೂರಿನ ಹತ್ತಿರ ಟೈರ್ ಪಂಕ್ಚರ್ ಆಯಿತು. ಡಿಕ್ಕಿ ತೆಗೆದು ಸ್ಟೆಪ್ನಿಯ ಪಕ್ಕದಲ್ಲಿದ್ದ ಜಾಕಿಯ ಬಟ್ಟೆ ಚೀಲಕ್ಕೆ ಕೈ ಹಾಕಿದೆ. ತಿಂಗಳಿಗೊಮ್ಮೆ ಜಾಕಿಯನ್ನು ನೋಡಬೇಕೆಂದು ಅಬ್ಬಾ ಹೇಳುತ್ತಿದ್ದರು. ನಾನು ಒಮ್ಮೆಯೂ ನೋಡಿರಲಿಲ್ಲ. ಜಾಕಿಯ ಜೊತೆಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ನೋಟ್‌ಬುಕ್ ಒಂದಿತ್ತು. ಮೊದಲ ಪುಟದಲ್ಲಿ ಉರ್ದುವಿನಲ್ಲಿ ಕಾರಿನ ಹೆಸರು. ಉರ್ದು ಲಿಪಿಯಲ್ಲಿ ಝೆನ್ ಎಂದು ಬರೆದರೂ ಜೀನು, ಅಂದರೆ ಕುದುರೆಯ ಜೀನು, ಎಂದು ಬರೆದರೂ ಅಕ್ಷರಗಳು ಅವೇ. ಕುದುರೆ ಎಂದು ಅವರು ಅಂದದ್ದು ನೆನಪಾಯಿತು.

2003ರಿಂದಲೂ ಲೆಕ್ಕವಿತ್ತು. ಎಂಜಿನ್ ಆಯಿಲ್ ಬದಲಿಸಿದ ದಿನ, ಕಿಲೋಮೀಟರ್, ಪ್ಲಗ್, ಪ್ಲಾಟಿನಂ ಇಲ್ಲದ ಈ ಗಾಡಿಯನ್ನು ಟ್ಯೂನ್ ಮಾಡುವುದು ಹೇಗೆಂಬ ಟಿಪ್ಪಣಿ. 2012ರ ನಂತರದ ಪುಟಗಳಲ್ಲಿ ಅಕ್ಷರ ನಡುಗಿತ್ತು. 'ಎಡ ಹಿಂಬದಿಯ ಚಕ್ರ, ಗಾಳಿ ಕಡಿಮೆ.' 'ಬ್ರೇಕ್ ಆಯಿಲ್ ಒಂದು ಗೆರೆ ಇಳಿದಿದೆ, ಉಸ್ತಾದರಿಗೆ ಹೇಳಬೇಕು.' 'ಬಾಗಿಲ ಕೆಳಗಿನ ತೂತು ಕಟ್ಟಿದೆ, ನೀರು ನಿಂತರೆ ತುಕ್ಕು. ಕಡ್ಡಿ ಹಾಕಿ ತೆಗೆದೆ.' 'ಬೇಟಿ ಇನ್ನೂ ಕ್ಲಚ್ ಮೇಲೆ ಕಾಲಿಡುತ್ತಾಳೆ. ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾಳೆ.'

ದಾರಿಯ ಪಕ್ಕ, ಮಳೆಯಲ್ಲಿ, ಜಾಕಿ ಕೈಯಲ್ಲಿ ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ. ಅವರು ಮುನಿಸಿಕೊಂಡು ಕೂರುತ್ತಿರಲಿಲ್ಲ. ನಾನು ಓಡಿಸುವ ಗಾಡಿಯನ್ನು ನಾನು ಬರುವ ಮೊದಲು ಪರೀಕ್ಷೆ ಮಾಡುತ್ತಿದ್ದರು, ಡಿಪೋದಿಂದ ಬಸ್ ಹೊರಡಿಸುವ ಮುನ್ನ ಮಾಡುತ್ತಿದ್ದಂತೆ. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನ ಉಸ್ತಾದರು ತಿಂಗಳಿಗೊಮ್ಮೆ ಕರೆಯದೆಯೇ ಬಂದು ಕಾರು ನೋಡಿಹೋಗುತ್ತಿದ್ದುದು ಯಾಕೆಂದು ಆಗ ತಿಳಿಯಿತು. ತಮ್ಮ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವನು, ಉರ್ದು ಬಾರದು. ಮನೆಯ ಮಕ್ಕಳಲ್ಲಿ ಆ ನೋಟ್‌ಬುಕ್ ಓದಬಲ್ಲವಳು ನಾನೊಬ್ಬಳೇ ಎಂಬುದು ಅಬ್ಬಾರಿಗೆ ಗೊತ್ತಿತ್ತು.

ಹಾಗೆಂದು ಅಂದಿನಿಂದ ನಾನು ಒಳ್ಳೆಯ ಒಡತಿಯಾದೆನೆಂದು ಹೇಳಲಾರೆ. 2016ರಲ್ಲಿ ತೀರ್ಥಹಳ್ಳಿಯ ಒಂದು ಸಭೆಗೆ ತಡವಾಗುತ್ತಿದೆಯೆಂದು, ಬಿಸಿಯ ಮುಳ್ಳು ಕೆಂಪು ಗೆರೆ ಮುಟ್ಟಿದರೂ ಓಡಿಸಿದೆ. ಅಲ್ಯೂಮಿನಿಯಂ ಹಗುರ, ಆದರೆ ಬಿಸಿಗೆ ಸೊಟ್ಟಗಾಗುವುದೂ ಬೇಗ. ಹೆಡ್ ಗ್ಯಾಸ್ಕೆಟ್ ಹೋಯಿತು. ಉಸ್ತಾದರು ಡಿಪ್‌ಸ್ಟಿಕ್ ಎಳೆದು ತೋರಿಸಿದರು. ನೀರು ಬೆರೆತ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿತ್ತು. "ಗಾಡಿ ಬಾಯಿಬಿಟ್ಟು ಹೇಳಿದೆ ಬೇಟಿ, ನೀವು ಕೇಳಲಿಲ್ಲ" ಎಂದರು. ಹೆಡ್ ಬಿಚ್ಚಿ, ಲೇತ್‌ಗೆ ಕಳಿಸಿ ಮಟ್ಟ ಮಾಡಿಸಿ, ಮತ್ತೆ ಕೂರಿಸಲು ಒಂಬತ್ತು ದಿನ ಹಿಡಿಯಿತು. ಆಮೇಲೊಮ್ಮೆ ತಿರುವಿನಲ್ಲಿ ಮುಂದಿನ ಚಕ್ರದಿಂದ ಕಟಕಟ ಸದ್ದು ಬಂದಾಗ ಮರುದಿನವೇ ಹೋದೆ. ಆಕ್ಸಲ್ಲಿನ ಜಾಯಿಂಟ್ ಸವೆದಿತ್ತು. ಊರಿನಲ್ಲಿ ಸಿಗದ ಭಾಗಗಳಿಗೆ ಬೆಂಗಳೂರಿನ ಶಿವಾಜಿನಗರದ ಗುಜರಿ ಇದೆ. ಅಲ್ಲಿ ಸತ್ತ ಝೆನ್‌ಗಳ ಬಾಗಿಲು, ದೀಪ, ಕಾರ್ಬುರೇಟರುಗಳು ನಮ್ಮದನ್ನು ಬದುಕಿಸಿವೆ. ಉರ್ದುವಿನಲ್ಲಿ ಗುಜ್ರಿ ಎಂದರೆ ದಾರಿಬದಿಯಲ್ಲಿ ಸಂಜೆ ಸೇರುವ ಸಂತೆ. ಕನ್ನಡಕ್ಕೆ ಬಂದು ಅದು ಹಳೆಯ ಕಬ್ಬಿಣದ ಹೆಸರಾಗಿದೆ. ನಾವು ಕನ್ನಡದ್ದೇ ಎಂಬಂತೆ ಬಳಸುವ 'ದುರಸ್ತಿ'ಯೂ ಫಾರಸಿಯಿಂದ ಬಂದದ್ದು. ಮೂಲದಲ್ಲಿ ಅದರ ಅರ್ಥ ಸರಿಯಾಗಿರುವುದು.

ಉಸ್ತಾದರಿಗೂ ಈಗ ಎಪ್ಪತ್ತು. "ನನ್ನ ಶಾಗಿರ್ದರು ಕಂಪ್ಯೂಟರ್ ಹಚ್ಚಿ ಗಾಡಿ ನೋಡುವವರು. ಕಾರ್ಬುರೇಟರ್ ಬಿಚ್ಚಲು ಅವರಿಗೆ ಭಯ" ಎನ್ನುತ್ತಾರೆ. ಪೆಟ್ರೋಲಿನಲ್ಲಿ ಶೇ. 20 ಎಥನಾಲ್ ಬಂದ ಮೇಲೆ ಹಳೆಯ ರಬ್ಬರ್ ಪೈಪುಗಳು ಹಾಳಾಗಬಹುದೆಂದು ಎಲ್ಲವನ್ನೂ ಬದಲಿಸಿಕೊಟ್ಟರು. ಹಳೆಯ ಕಾರಿನ ಹೊಗೆ ಹೊಸದರ ಹೊಗೆಗಿಂತ ಕೆಟ್ಟದ್ದು ಎಂಬ ಮಾತನ್ನೂ ನಾನು ಅಲ್ಲಗಳೆಯುವುದಿಲ್ಲ. ಶಾಲೆಗೆ ಬಸ್ಸಿನಲ್ಲೇ ಹೋಗುತ್ತೇನೆ. ಝೆನ್ ಓಡುವುದು ತಿಂಗಳಿಗೆ ನೂರೈವತ್ತು ಕಿಲೋಮೀಟರ್ ದಾಟದು. ಹೊಗೆ ತಪಾಸಣೆಯಲ್ಲಿ ಅದು ನಪಾಸಾದ ದಿನ ತಮ್ಮನ ಮಾತು ಕೇಳುತ್ತೇನೆ.

ನವೆಂಬರ್‌ನಲ್ಲಿ ಎಫ್.ಸಿ.ಗೆ ಒಯ್ದೆ. ಇನ್ಸ್‌ಪೆಕ್ಟರು ದೀಪ, ಬ್ರೇಕ್, ಹಾರ್ನ್ ನೋಡಿದರು. ಪೆನ್ಸಿಲಿನಿಂದ ಉಜ್ಜಿ ತೆಗೆದ ಚಾಸಿ ನಂಬರನ್ನು ದಾಖಲೆಯೊಂದಿಗೆ ಹೋಲಿಸಿದರು. ಎಂಜಿನ್ ಚಾಲೂ ಇಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೇಳಿದರು. "ಯಾರು ನೋಡಿಕೊಳ್ಳುತ್ತಾರೆ ಮೇಡಂ ಇದನ್ನು?" ಎಂದರು. ಉತ್ತರ ಗಂಟಲಲ್ಲೇ ನಿಂತಿತು. ಕೊನೆಗೆ, "ಮನೆಯವರೆಲ್ಲ" ಎಂದೆ. 2030ರವರೆಗೆ ಸಿಕ್ಕಿತು.

ನನ್ನ ಮಗಳಿಗೆ ಈಗ ಹದಿನೆಂಟು. ಭಾನುವಾರ ಬೆಳಿಗ್ಗೆ ಖಾಲಿ ಮೈದಾನದಲ್ಲಿ ಅವಳಿಗೆ ಕಲಿಸುತ್ತಿದ್ದೇನೆ. ಅವಳು ಗೇರನ್ನು ನೋಡುವುದಿಲ್ಲ, ಕೇಳುತ್ತಾಳೆ. ಕ್ಲಚ್ ಮೇಲೆ ಮಾತ್ರ ಕಾಲು ಇಟ್ಟೇ ಇರುತ್ತಾಳೆ. ಅಬ್ಬಾರ ನೋಟ್‌ಬುಕ್ಕಿನಲ್ಲಿ ಇನ್ನೂ ಹನ್ನೆರಡು ಹಾಳೆಗಳು ಖಾಲಿಯಿವೆ. ಅವಳಿಗೆ ಉರ್ದು ಕಲಿಸುವುದನ್ನು ನಾನು ಮುಂದೂಡುತ್ತಲೇ ಬಂದೆ, ಅದು ನನ್ನದೇ ತಪ್ಪು. ಹಾಗಾಗಿ ಈಗ ಅದರಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕಳೆದ ಭಾನುವಾರ ಬರೆದದ್ದು ಇಷ್ಟು: ಎಡ ಹಿಂಬದಿಯ ಚಕ್ರ, ಗಾಳಿ ಸರಿಯಿದೆ. ಬಾಗಿಲ ಕೆಳಗಿನ ತೂತು ತೆರೆದಿದೆ. ಜಾಕಿ ನೋಡಿದೆ.