ಬರೆಯುವವನ ಹೊಣೆ

ವಕೀಲ ವೃತ್ತಿಯ ಮೊದಲ ವರ್ಷದಲ್ಲಿ ನನ್ನಿಂದಾದ ಒಂದು ತಪ್ಪು ಇಂದಿಗೂ ನನ್ನನ್ನು ಕಾಡುತ್ತಿದೆ. ಮಗನಿಂದ ಜೀವನಾಂಶ ಕೋರಿ ಬಂದಿದ್ದ ವೃದ್ಧೆಯೊಬ್ಬರ ಅರ್ಜಿಯನ್ನು ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನಾನು ಹಳೆಯ ಕಡತವೊಂದರ ನಮೂನೆಯನ್ನು ತೆರೆದು ಹೆಸರು, ವಿಳಾಸಗಳನ್ನು ಬದಲಿಸಿದೆ. ಮಗನ ಉದ್ಯೋಗ ಮತ್ತು ಆದಾಯದ ವಿವರ ಮಾತ್ರ ಹಳೆಯ ಪ್ರಕರಣದ್ದೇ ಉಳಿದುಬಿಟ್ಟಿತು. ಎದುರು ಪಕ್ಷದ ವಕೀಲರು ಅದನ್ನು ಎತ್ತಿ ತೋರಿಸಿದರು. ವಿಚಾರಣೆ ಮುಂದಕ್ಕೆ ಹೋಯಿತು. ನ್ಯಾಯಾಲಯದ ಮೆಟ್ಟಿಲಿಳಿಯುತ್ತಾ ಆ ತಾಯಿ, "ಮಗಾ, ನಾನು ಹೇಳಿದ್ದನ್ನು ನೀನು ಬರೆಯಲಿಲ್ಲವಾ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಈಗ ನಾನು ವಾರಕ್ಕೆರಡು ರಾತ್ರಿ, ಇಶಾ ನಮಾಝಿನ ಬಳಿಕ, ಕಾನೂನು ವಿದ್ಯಾರ್ಥಿಗಳಿಗೆ ಆನ್‌ಲೈನ್ ತರಗತಿ ನಡೆಸುತ್ತೇನೆ. ಮೂರು ವರ್ಷದ ಪದವಿಗೆ 12 ವಾರ, ಐದು ವರ್ಷದ ಪದವಿಗೆ 20 ವಾರಗಳ ಪ್ರಾಯೋಗಿಕ ತರಬೇತಿ ಕಡ್ಡಾಯವೆಂದು ಭಾರತೀಯ ವಕೀಲರ ಪರಿಷತ್ತಿನ ನಿಯಮ ಹೇಳುತ್ತದೆ. ಆದರೆ ನಗರದಲ್ಲಿ ಉಳಿದುಕೊಳ್ಳಲು ಅನುಕೂಲವಿಲ್ಲದ ಹೆಣ್ಣುಮಕ್ಕಳಿಗೆ, ದುಡಿಯುತ್ತಲೇ ಓದುವವರಿಗೆ ಒಳ್ಳೆಯ ಕಚೇರಿಯ ಬಾಗಿಲು ಸುಲಭವಾಗಿ ತೆರೆಯುವುದಿಲ್ಲ. ಅಂಥವರು ಇಂದು ಮನೆಯಲ್ಲೇ ಕುಳಿತು ಉಚ್ಚ ನ್ಯಾಯಾಲಯದ ಕಲಾಪದ ನೇರಪ್ರಸಾರವನ್ನು ನೋಡಬಲ್ಲರು, ಇ-ಫೈಲಿಂಗ್ ಕ್ರಮವನ್ನು ಕಲಿಯಬಲ್ಲರು. ಇದು ಸಣ್ಣ ಅನುಗ್ರಹವಲ್ಲ.

ಆದರೂ ಮೊದಲ ಅಭ್ಯಾಸದಲ್ಲೇ ನಾನು ಬೆಚ್ಚಿಬಿದ್ದೆ. ವೃದ್ಧ ತಾಯಿಯೊಬ್ಬರ ಜೀವನಾಂಶದ ಅರ್ಜಿ ಬರೆಯುವಂತೆ ಸಂಗತಿಗಳನ್ನು ಟೈಪ್ ಮಾಡಿ ಕಳುಹಿಸಿದ್ದೆ. ಮರುದಿನ ಬೆಳಿಗ್ಗೆಯೇ ಎಲ್ಲ ಅರ್ಜಿಗಳೂ ಬಂದವು. ನೋಡಲು ಅಚ್ಚುಕಟ್ಟು, ಒಂದರಂತೆ ಇನ್ನೊಂದು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂದು, ಜೀವನಾಂಶದ ವಿಷಯ ಅದರ 144ನೇ ಕಲಮಿನಲ್ಲಿದ್ದರೂ, ಹಲವರು ಹಳೆಯ 125ನೇ ಕಲಮನ್ನೇ ಬರೆದಿದ್ದರು. ಒಂದು ಅರ್ಜಿಯಲ್ಲಂತೂ 'ಮಗ' ಎಂದಿರಬೇಕಾದಲ್ಲಿ 'ಪತಿ' ಎಂದಿತ್ತು. ಅಲ್ಲಿ ನಾನು ಕಂಡದ್ದು ನನ್ನದೇ ಹಳೆಯ ತಪ್ಪನ್ನು.

ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ ಅಲ್ ಬಕರಃ ಅಧ್ಯಾಯದ 282ನೆಯದು. ಅದು ಸಾಲದ ವ್ಯವಹಾರವನ್ನು ಬರೆದಿಡುವ ಕುರಿತಾಗಿದೆ. ಬರೆಯುವವನು ನ್ಯಾಯದಿಂದ ಬರೆಯಬೇಕು, ಹೊಣೆ ಹೊತ್ತವನು ಹೇಳಿ ಬರೆಯಿಸಬೇಕು, ಅವನು ದುರ್ಬಲನಾಗಿದ್ದರೆ ಅವನ ಪೋಷಕನು ನ್ಯಾಯದಿಂದ ಹೇಳಿ ಬರೆಯಿಸಬೇಕು ಎಂದು ಅದು ಕಲಿಸುತ್ತದೆ. ಲೇಖನಿ ಹಿಡಿದವನ ಜಾಣ್ಮೆಗಿಂತ ಹೇಳುವವನ ಮಾತಿಗೆ ಅಲ್ಲಿ ಹೆಚ್ಚಿನ ಸ್ಥಾನವಿದೆ. ಕಕ್ಷಿದಾರನ ಮಾತು ವಕೀಲನ ಕೈಯಲ್ಲಿರುವ ಅಮಾನತ್ತು ಎಂಬುದು ನನಗೆ ಆ ಸೂಕ್ತದಿಂದ ಮನವರಿಕೆಯಾಯಿತು.

ಆ ಬಳಿಕ ಸಂಗತಿಗಳನ್ನು ಬರೆದು ಕಳುಹಿಸುವುದನ್ನು ನಿಲ್ಲಿಸಿದೆ. ನನ್ನ ಉಮ್ಮನೇ ಕಕ್ಷಿದಾರಳಾದರು. ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಅವರಿಗೆ ಕರೆ ಮಾಡಬೇಕು. ಉಮ್ಮ ಬ್ಯಾರಿ ಭಾಷೆಯಲ್ಲಿ, ಮಧ್ಯೆ ಮೊಮ್ಮಕ್ಕಳ ಸುದ್ದಿ, ಮಂಡಿನೋವು ಎಲ್ಲವನ್ನೂ ಬೆರೆಸಿ ಕಥೆ ಹೇಳುತ್ತಾರೆ. ವಿದ್ಯಾರ್ಥಿ ಅರ್ಜಿಯನ್ನು ಕನ್ನಡದಲ್ಲಿ ಬರೆದು, ಅವರಿಗೆ ಓದಿ ಹೇಳಬೇಕು. "ಹೌದು, ನಾನು ಹೇಳಿದ್ದು ಇದೇ" ಎಂದು ಉಮ್ಮ ಒಪ್ಪಿದರೆ ಮಾತ್ರ ಅಭ್ಯಾಸ ಮುಗಿಯಿತು. ಒಬ್ಬ ವಿದ್ಯಾರ್ಥಿನಿ ಮೂರನೆಯ ಕರೆಯಲ್ಲಿ ಮಂಡಿನೋವಿನ ಔಷಧಕ್ಕೆ ತಿಂಗಳಿಗೆ ಎಷ್ಟಾಗುತ್ತದೆಂದು ಕೇಳಿದಳು. ಉಳಿದವರಾರಿಗೂ ಅದು ಹೊಳೆದಿರಲಿಲ್ಲ. ಕೇಳಬೇಕಾದ ಮೊತ್ತವೇ ಅದರಿಂದ ಬದಲಾಯಿತು.

ಪರದೆಯ ಮೂಲಕ ಕಲಿತವರು ಕೆಲಸಕ್ಕೆ ಬರುವುದಿಲ್ಲವೆಂದು ಹಿರಿಯರು ಕೆಲವರು ಹೇಳುವುದುಂಟು. ನಾನು ಕಚೇರಿಯಲ್ಲೇ ಕಲಿತವನು, ಆದರೂ ಆ ತಾಯಿಯ ಮಾತನ್ನು ಕೇಳಿಸಿಕೊಳ್ಳಲಿಲ್ಲ. ನಮ್ಮ ಕೈಗೆ ಬರುವ ಪ್ರತಿಯೊಂದು ಮಾತನ್ನೂ ನ್ಯಾಯದಿಂದ ಬರೆಯುವ ಭಾಗ್ಯವನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಕರುಣಿಸಲಿ. ಆಮೀನ್.